ಮಳೆಗಾಲದ ಲ್ಯಾಬಿನಲ್ಲಿ ಆಲ್ಜಿನೇಟ್ ಮಣಿ ಮಾಡುವುದು ಹೇಗೆ?

ತೀರ್ಥಹಳ್ಳಿಯಲ್ಲಿರುವ ನಮ್ಮ ಅತ್ತೆ ಸಕ್ಕರೆ ಕಾಯಿಲೆಯ ಎಸ್‌ಆರ್ (ಸಸ್ಟೇನ್ಡ್ ರಿಲೀಸ್) ಮಾತ್ರೆ ದಪ್ಪ ಅಂತ ಕುಟ್ಟಿ, ನೀರಲ್ಲಿ ಕದಡಿ ಕುಡಿಯುತ್ತಿದ್ದರು. ದಿನವಿಡೀ ನಿಧಾನವಾಗಿ ಇಳಿಯಬೇಕಾದ ಔಷಧಿ ಒಂದೇ ಸಲಕ್ಕೆ ಹೊಟ್ಟೆಗೆ ಹೋಗುತ್ತಿತ್ತು. ಔಷಧಿಯನ್ನು ಹಿಡಿದಿಡುವ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಕೂಡ ಮಾತ್ರೆಯೊಳಗೆ ಇರುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ನಾನು ಶಿವಮೊಗ್ಗದಲ್ಲಿ ಫಾರ್ಮಸಿ ಮಕ್ಕಳಿಗೆ ಲ್ಯಾಬ್ ಮಾಡಿಸುತ್ತೇನೆ. ಈ ಹಿಡಿದಿಡುವ ಕೆಲಸ ಕಣ್ಣಿಗೆ ಕಾಣಲಿ ಅಂತ ಮೊದಲು ಮಾಡಿಸುವುದು ಡೈಕ್ಲೊಫೆನ್ಯಾಕ್ ಸೋಡಿಯಂ ಅನ್ನುವ ನೋವಿನ ಔಷಧಿ ತುಂಬಿದ ಆಲ್ಜಿನೇಟ್ ಮಣಿಗಳನ್ನು. ಇದು ಲ್ಯಾಬಿಗೆ ಮಾತ್ರ, ಯಾರೂ ನುಂಗಬೇಡಿ.

100 ಮಿ.ಲೀ. ಡಿಸ್ಟಿಲ್ಡ್ ವಾಟರ್‌ಗೆ 2 ಗ್ರಾಂ ಸೋಡಿಯಂ ಆಲ್ಜಿನೇಟ್ ಬೇಕು. ಇದು ಸಮುದ್ರದ ಕಂದು ಪಾಚಿಯಿಂದ ತೆಗೆದ ಪುಡಿ. ಬೋರ್‌ವೆಲ್ ನೀರು ಬೇಡ, ಅದರಲ್ಲಿರುವ ಕ್ಯಾಲ್ಸಿಯಂನಿಂದಲೇ ದ್ರಾವಣ ಅಲ್ಲಲ್ಲಿ ಹೆಪ್ಪುಗಟ್ಟಬಹುದು. ಅಕ್ಕಿಹಿಟ್ಟನ್ನು ಒಮ್ಮೆಲೇ ಸುರಿದರೆ ಗಂಟಾಗುತ್ತದೆ ಅಲ್ವಾ? ಇದೂ ಹಾಗೇ. ಸ್ಟಿರರ್ ತಿರುಗುತ್ತಿರುವಾಗ ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಪೂರ್ತಿ ಕರಗಿದ ಮೇಲೆ 1 ಗ್ರಾಂ ಡೈಕ್ಲೊಫೆನ್ಯಾಕ್ ಬೆರೆಸಿ, ಗುಳ್ಳೆ ಏರಿ ಹೋಗುವವರೆಗೆ ಸುಮ್ನೆ ಬಿಡಿ.

ಇನ್ನೊಂದು ಬೀಕರ್‌ನಲ್ಲಿ 4% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ (100 ಮಿ.ಲೀ.ಗೆ 4 ಗ್ರಾಂ) ಮಾಡಿಕೊಳ್ಳಿ. ಮಲೆನಾಡಿನ ಮಳೆಗಾಲ ಕೈಕೊಡುವುದು ಇಲ್ಲೇ. ಈ ಉಪ್ಪು ಗಾಳಿಯ ತೇವ ಹೀರಿಕೊಳ್ಳುತ್ತದೆ. ಜುಲೈನಲ್ಲಿ ಮುಚ್ಚಳ ತೆಗೆದಿಟ್ಟ ಬಾಟಲಿಯೊಳಗೆ ಹರಳುಗಳು ಬೆವೆತು ಒಂದಕ್ಕೊಂದು ಅಂಟಿರುತ್ತವೆ. ಆಗ ತಕ್ಕಡಿ 4 ಗ್ರಾಂ ತೋರಿಸಿದರೂ ಅದರಲ್ಲಿ ನೀರಿನ ಪಾಲು ಜಾಸ್ತಿ. ಗಟ್ಟಿ ಮುಚ್ಚಳದ ಬಾಟಲಿಯಿಂದ ತೆಗೆದು ಬೇಗ ತೂಗಿ. ಉಪ್ಪು ಬೆವೆತಿದ್ದರೆ ಹೊಸ ಬಾಟಲಿ ಒಡೆಯಿರಿ.

ಈಗ ಆಲ್ಜಿನೇಟ್ ದ್ರಾವಣವನ್ನು ಸಿರಿಂಜ್‌ಗೆ ತುಂಬಿ, ಕ್ಯಾಲ್ಸಿಯಂ ದ್ರಾವಣಕ್ಕೆ ಹನಿ ಹನಿಯಾಗಿ ಬಿಡಿ. 22 ಗೇಜ್ ಸೂಜಿ ಸಾಕು. ಸೂಜಿ ಆ ದ್ರಾವಣದಿಂದ ನಾಲ್ಕೈದು ಸೆಂ.ಮೀ. ಮೇಲಿರಲಿ. ತೀರಾ ಹತ್ತಿರ ಹಿಡಿದರೆ ಮಣಿಗೆ ಬಾಲ ಬರುತ್ತದೆ, ತೀರಾ ಮೇಲಿಂದ ಬಿಟ್ಟರೆ ಚಪ್ಪಟೆಯಾಗುತ್ತದೆ. ಹನಿ ಬಿದ್ದ ಕ್ಷಣವನ್ನು ಒಮ್ಮೆ ಬಗ್ಗಿ ನೋಡಿ. ಹೊರಗಿನ ಪದರ ಅಲ್ಲೇ ಗಟ್ಟಿಯಾಗಿ, ನೆನೆಸಿದ ಸಬ್ಬಕ್ಕಿಯಂಥ ಮಣಿ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಮೊಟ್ಟೆ ಟ್ರೇಯ ಗುಳಿಯಲ್ಲಿ ಮೊಟ್ಟೆ ಕೂತ ಹಾಗೆ ಆಲ್ಜಿನೇಟ್ ಎಳೆಗಳ ನಡುವೆ ಕ್ಯಾಲ್ಸಿಯಂ ಕೂತುಬಿಟ್ಟಿರುತ್ತದೆ. ಎಷ್ಟು ವರ್ಷದಿಂದ ನೋಡುತ್ತಿದ್ದರೂ ನನಗೆ ಇದು ಬೇಸರ ತಂದಿಲ್ಲ.

ಮಣಿಗಳನ್ನು ದ್ರಾವಣದಲ್ಲಿ 15ರಿಂದ 30 ನಿಮಿಷ ಬಿಟ್ಟು ತೆಗೆಯಿರಿ. ನನ್ನ ಮೊದಲ ಪ್ರಾಜೆಕ್ಟ್‌ನಲ್ಲಿ ಚೆನ್ನಾಗಿ ಗಟ್ಟಿಯಾಗಲಿ ಅಂತ ರಾತ್ರಿಯಿಡೀ ಬಿಟ್ಟಿದ್ದೆ. ಮಣಿ ಗಟ್ಟಿಯಾಗಿತ್ತು, ಆದರೆ ಔಷಧಿಯ ದೊಡ್ಡ ಪಾಲು ಹೊರಗಿನ ನೀರಿಗೆ ಸೋರಿಹೋಗಿತ್ತು. ಅದಕ್ಕೇ ಉಳಿದ ದ್ರಾವಣವನ್ನು ಸಿಂಕಿಗೆ ಚೆಲ್ಲುವ ಮೊದಲು ಅದರಲ್ಲೆಷ್ಟು ಔಷಧಿ ಇದೆ ನೋಡಿ. ಒಣಗಿದ ಮಣಿಗಳನ್ನೂ ತೂಗಿ, ಪಿಎಚ್ 7.4 ಫಾಸ್ಫೇಟ್ ಬಫರ್‌ನಲ್ಲಿ (ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣ) ಪೂರ್ತಿ ಬಿಚ್ಚಿಕೊಳ್ಳಲು ಬಿಟ್ಟು, ಸೋಸಿ, ಯುವಿ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 276 ನ್ಯಾನೋಮೀಟರ್‌ಗೆ ಇಟ್ಟು ಔಷಧಿ ಎಷ್ಟಿದೆ ಅಳೆಯಿರಿ. ಎರಡೂ ಲೆಕ್ಕ ಸೇರಿಸಿದರೆ ಹಾಕಿದ್ದಕ್ಕೆ ಹತ್ತಿರ ಬರಬೇಕು.

ಒಣಗಿಸುವುದಕ್ಕೆ ಫ್ಯಾನ್ ಗಾಳಿ ನಂಬಬೇಡಿ. ಆಗುಂಬೆ ಕಡೆಯಿಂದ ಮೋಡ ಕವಿದ ವಾರದಲ್ಲಿ ಮಣಿ ಮೂರು ದಿನವಾದರೂ ಜಿಗುಟಾಗೇ ಇರುತ್ತದೆ. 40 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಆಮೇಲೆ ತೇವ ತಗಲದಂತೆ ಸಿಲಿಕಾ ಜೆಲ್ ಇರುವ ಡೆಸಿಕೇಟರ್‌ಗೆ (ಗಟ್ಟಿ ಮುಚ್ಚಳದ ಗಾಜಿನ ಪಾತ್ರೆ) ಹಾಕಿ. ಸಬ್ಬಕ್ಕಿಯಂತಿದ್ದದ್ದು ಸಾಸಿವೆಯಷ್ಟಾಗಿರುತ್ತದೆ.

"ಇದು ದೇಹದಲ್ಲಿ ಅಡಿಕೆ ಹಾಳೆ ಮಣ್ಣಲ್ಲಿ ಕೊಳೆತ ಹಾಗೆ ಕೊಳೆಯುತ್ತಾ ಮೇಡಂ?" ಅಂತ ಮಕ್ಕಳು ಕೇಳುತ್ತಾರೆ. ಇಲ್ಲ. ಆಲ್ಜಿನೇಟ್ ಕತ್ತರಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬಂದಾಗ ಗಂಟು ಸಡಿಲವಾಗಿ ಮಣಿ ಬಿಚ್ಚಿಕೊಳ್ಳುತ್ತದೆ, ಅಷ್ಟೇ. ಆದರೆ ಪಿಎಲ್‌ಜಿಎ ಅನ್ನುವ ಪಾಲಿಮರ್ ನಿಜವಾಗಿ ತುಂಡಾಗುತ್ತದೆ. ನೀರು ಅದರ ಸರಪಳಿ ಕಡಿಯುತ್ತದೆ, ಕೊನೆಗೆ ಉಳಿಯುವುದು ಲ್ಯಾಕ್ಟಿಕ್ ಮತ್ತು ಗ್ಲೈಕೋಲಿಕ್ ಆಮ್ಲ. ಅಮೆರಿಕದಲ್ಲಿ 1989ರಲ್ಲಿ ಒಪ್ಪಿಗೆ ಪಡೆದ ಲ್ಯೂಪ್ರಾನ್ ಡಿಪೋ ಅನ್ನುವ ಪ್ರಾಸ್ಟೇಟ್ ಕ್ಯಾನ್ಸರ್ ಔಷಧಿ ತಿಂಗಳಿಗೊಂದೇ ಇಂಜೆಕ್ಷನ್ ಆಗಿದ್ದು ಇಂಥ ಪಾಲಿಮರ್‌ನಿಂದ. ಪ್ರಾಜೆಕ್ಟ್ ವರದಿಯಲ್ಲಿ ಬಿಚ್ಚಿಕೊಳ್ಳುವುದನ್ನೂ ತುಂಡಾಗುವುದನ್ನೂ ಒಂದೇ ಅಂತ ಬರೆಯಬೇಡಿ.

ಕೊನೆಗೆ ಬಿಡುಗಡೆಯ ಪರೀಕ್ಷೆ. 37 ಡಿಗ್ರಿಯಲ್ಲಿ ಮೊದಲ 2 ಗಂಟೆ ಜಠರದಂತೆ 0.1 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ, ಆಮೇಲೆ ಕರುಳಿನಂತೆ ಪಿಎಚ್ 6.8 ಫಾಸ್ಫೇಟ್ ಬಫರ್. ಪ್ರತಿ ಸಲ 5 ಮಿ.ಲೀ. ತೆಗೆದಾಗ ಅಷ್ಟೇ ಬಿಸಿಯ ಹೊಸ ದ್ರಾವಣ 5 ಮಿ.ಲೀ. ಹಾಕಿ. ಆಮ್ಲದಲ್ಲಿ ಮಣಿ ಕುಗ್ಗುತ್ತದೆ, ಔಷಧಿ ಬರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬಫರ್‌ನಲ್ಲಿ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಈ ಗ್ರಾಫ್ ನೋಡಿ ಮಕ್ಕಳು ಎಲ್ಲ ಮಣಿಯ ಕೆಲಸ ಅಂದುಕೊಳ್ಳುತ್ತಾರೆ. ಡೈಕ್ಲೊಫೆನ್ಯಾಕ್ ತಾನೇ ಆಮ್ಲದಲ್ಲಿ ಕರಗುವುದು ತೀರಾ ಕಡಿಮೆ! ಅದಕ್ಕೆ ಪಕ್ಕದ ಜಾರ್‌ನಲ್ಲಿ ಮಣಿಯಿಲ್ಲದ ಬರೀ ಪುಡಿಯನ್ನೂ ಓಡಿಸಿ. ಬಫರ್‌ಗೆ ಬಂದ ಮೇಲೆ ಪುಡಿಯ ಗೆರೆಗೂ ಮಣಿಯ ಗೆರೆಗೂ ನಡುವೆ ಕಾಣುವ ಅಂತರ ಇದೆಯಲ್ಲ, ಪಾಲಿಮರ್ ಮಾಡಿದ ಕೆಲಸ ಅಂತ ಅದನ್ನು ಬರೆಯಿರಿ.