ತಿಂಗಳಿಗೊಂದು ಪತ್ರಿಕೆ: ಸತ್ಯವೇದ ಓದುವ ನನ್ನ ಕ್ರಮ

ಹೊಸ ವರ್ಷದ ಆರಾಧನೆ ಮುಗಿದ ಮೇಲೆ 'ಒಂದೇ ವರ್ಷದಲ್ಲಿ ಇಡೀ ಬೈಬಲ್' ಎಂಬ ಪಟ್ಟಿ ಹಂಚುತ್ತಾರಲ್ಲ, ಅದನ್ನು ಹಿಡಿದು ಹೊರಟವರು ಎಲ್ಲಿ ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿಯೇ ಹೇಳಬಹುದು. 66 ಪುಸ್ತಕಗಳ ಲೆಕ್ಕದಲ್ಲಿ ಒಟ್ಟು 1189 ಅಧ್ಯಾಯ, ದಿನಕ್ಕೆ ಮೂರೂಕಾಲು. ಆದಿಕಾಂಡ 50, ವಿಮೋಚನಕಾಂಡ 40. ಅಂದರೆ ಜನವರಿ ಕೊನೆಯ ವಾರಕ್ಕೆ ಸರಿಯಾಗಿ ಯಾಜಕಕಾಂಡ ಎದುರಾಗುತ್ತದೆ. ನಮ್ಮ ಕಡೆ ಆಗ ಅಡಿಕೆ ಕೆಲಸ ಇನ್ನೂ ಮುಗಿದಿರುವುದಿಲ್ಲ. ಸುಲಿದು, ಬೇಯಿಸಿ, ಒಣಗಿಸುವ ಮನೆಯಲ್ಲಿ ರಾತ್ರಿ ಹತ್ತಕ್ಕೆ ಕೂತು ಕುಷ್ಠದ ಪರೀಕ್ಷೆ, ಹೋಮಬಲಿಯ ನಿಯಮ ಓದುವವನಿಗೆ ನಿದ್ದೆ ಬಂದರೆ ಅದು ಭಕ್ತಿಯ ಕೊರತೆಯಲ್ಲ. ಪಟ್ಟಿಯೇ ತಪ್ಪು.

ನಾನು ಮಾಡುವುದು ಬೇರೆ. ಬೆಳಿಗ್ಗೆಗೆ ಹೊಸ ಒಡಂಬಡಿಕೆಯ ಒಂದು ಚಿಕ್ಕ ಪತ್ರಿಕೆ, ಅಂದರೆ ಆಗಿನ ವಿಶ್ವಾಸಿಗಳಿಗೆ ಬರೆದ ಕಾಗದ; ತಿಂಗಳು ಪೂರ್ತಿ ಅದೇ. ಸಂಜೆಯ ಓದು ಮಾತ್ರ ಮಳೆ, ಕೊಯ್ಲು ನೋಡಿಕೊಂಡು ಬದಲಾಗುತ್ತದೆ.

ಶುರುಮಾಡಲು ಅಪೊಸ್ತಲ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದದ್ದು ಒಳ್ಳೆಯದು: 4 ಅಧ್ಯಾಯ, 104 ವಚನ. ಗಟ್ಟಿಯಾಗಿ ಓದಿದರೆ ಇಪ್ಪತ್ತು ನಿಮಿಷದ ಆಸುಪಾಸು. ಆಮೇಲೆ ಯಾಕೋಬ (108 ವಚನ), ಯೋಹಾನನ ಮೊದಲ ಪತ್ರಿಕೆ (105), ಕೊಲೊಸ್ಸೆ (95). ರೋಮಾಪುರದವರಿಗೆ ಬರೆದದ್ದು ದೊಡ್ಡದು. ಅದನ್ನು 1–4, 5–8, 9–11, 12–16 ಎಂದು ನಾಲ್ಕು ತುಂಡು ಮಾಡಿ ನಾಲ್ಕು ತಿಂಗಳಿಗೆ ಹಂಚುತ್ತೇನೆ.

ಮೊದಲ ವಾರ ಪೆನ್ಸಿಲ್ ಮುಟ್ಟುವುದಿಲ್ಲ. ದಿನವೂ ಪೂರ್ತಿ ಪತ್ರಿಕೆಯನ್ನು ಬಾಯಿಬಿಟ್ಟು ಓದುವುದು, ಅಷ್ಟೆ. ಅದು ಯಾರೋ ಒಬ್ಬರು ಇನ್ನೊಬ್ಬರಿಗೆ ಬರೆದ ಕಾಗದ. ಬಂದ ಕಾಗದವನ್ನು ಯಾರೂ ದಿನಕ್ಕೆ ನಾಲ್ಕು ಸಾಲಿನಂತೆ ಓದುವುದಿಲ್ಲ. ಅಧ್ಯಾಯದ ಅಂಕಿಗಳು 13ನೇ ಶತಮಾನದವು, ಹೊಸ ಒಡಂಬಡಿಕೆಯಲ್ಲಿ ಈಗಿರುವ ವಚನದ ಅಂಕಿಗಳು 1551ರಲ್ಲಿ ಬಂದವು. ಪೌಲನಿಗೆ ಅವು ಗೊತ್ತೇ ಇರಲಿಲ್ಲ. ಫಿಲಿಪ್ಪಿಯನ್ನು ಹೀಗೆ ಏಳು ಸಲ ಓದುವಷ್ಟರಲ್ಲಿ ಒಂದು ವಿಷಯ ತಾನಾಗಿ ಎದ್ದು ಕಾಣುತ್ತದೆ: ಸಂತೋಷಪಡಿರಿ ಎಂದು ಮತ್ತೆ ಮತ್ತೆ ಹೇಳುತ್ತಿರುವವನು ಬೇಡಿಯಲ್ಲಿ ಕೂತಿದ್ದಾನೆ.

ಎರಡನೇ ವಾರ ಗುರುತು ಹಾಕುವ ಕೆಲಸ. ಮತ್ತೆ ಮತ್ತೆ ಬರುವ ಮಾತಿಗೆ ಒಂದು ಬಣ್ಣ. 'ಆದಕಾರಣ', 'ಆದರೆ', 'ಯಾಕಂದರೆ' ಇವುಗಳಿಗೆ ಇನ್ನೊಂದು. ಈ ಮೂರು ಚಿಕ್ಕ ಮಾತುಗಳಲ್ಲೇ ಪತ್ರಿಕೆಯ ಕೀಲು ಇರುವುದು. 'ನನ್ನನ್ನು ಬಲಪಡಿಸುವಾತನಲ್ಲಿದ್ದುಕೊಂಡು ಎಲ್ಲಕ್ಕೂ ಶಕ್ತನು' ಎಂಬ ಫಿಲಿಪ್ಪಿ 4:13 ಪರೀಕ್ಷೆಗೆ ಹೋಗುವ ಮಕ್ಕಳ ಪೆನ್ಸಿಲ್ ಬಾಕ್ಸಿನಿಂದ ಹಿಡಿದು ಗಾಡಿಯ ಗಾಜಿನವರೆಗೆ ಅಂಟಿಕೊಂಡಿದೆ. ಮೇಲಿನ ಎರಡು ವಚನ ಓದಿದರೆ ಅಲ್ಲಿ ಗೆಲುವಿನ ಮಾತಿಲ್ಲ. ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇದ್ದುದರಲ್ಲಿ ತೃಪ್ತನಾಗಿರಲು ಕಲಿತಿದ್ದೇನೆ ಎಂಬ ಮಾತಿದೆ.

ಮೂರನೇ ವಾರ ನೋಟ್‌ಬುಕ್ಕು. 200 ಪುಟದ ಉದ್ದ ಪುಸ್ತಕ ಸಾಕು. ಪುಟಕ್ಕೆ ಎರಡು ಗೆರೆ ಎಳೆದು ಮೂರು ಮನೆ ಮಾಡುವುದು. ಮೊದಲನೆಯದರಲ್ಲಿ ವಚನದಲ್ಲಿ ಏನಿದೆಯೋ ಅದು, ನನ್ನ ಮಾತಿನಲ್ಲಿ. ಎರಡನೆಯದರಲ್ಲಿ ಅಂದು ಅದನ್ನು ಕೇಳಿಸಿಕೊಂಡವರಿಗೆ ಅದು ಏನಾಗಿತ್ತು ಎಂಬುದು. ಮೂರನೆಯದರಲ್ಲಿ ನಾನು ಮಾಡಬೇಕಾದದ್ದು. ಜಾರುವುದು ಈ ಮೂರನೇ ಮನೆಯಲ್ಲೇ. 'ಎಲ್ಲರನ್ನೂ ಪ್ರೀತಿಸಬೇಕು', 'ಹೆಚ್ಚು ಪ್ರಾರ್ಥಿಸಬೇಕು' ಎಂಬಂಥ ಸಾಲುಗಳನ್ನು ನಾನು ಹೊಡೆದುಹಾಕುತ್ತೇನೆ. ಒಬ್ಬರ ಹೆಸರು, ಒಂದು ದಿನ, ಮಾಡುವ ಒಂದು ಕೆಲಸ, ಈ ಮೂರೂ ಇರದ ಸಾಲು ಅಲ್ಲಿ ಇರಕೂಡದು. ಯಾಕೋಬ 5:4ರಲ್ಲಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟುಕೊಂಡ ಕೂಲಿ ಕೂಗಿಕೊಳ್ಳುತ್ತದೆ ಎಂದಿದೆ. ಅದರ ಎದುರು ಬರೆಯಬೇಕಾದದ್ದು: 'ಅಡಿಕೆ ಕೊನೆ ತೆಗೆದವನ ಬಾಕಿ, ಶನಿವಾರ ಸಂಜೆಯೊಳಗೆ, ಅವನ ಮನೆಗೇ ಹೋಗಿ.' ಗಡಿಕಲ್ಲು ಸರಿಸಬೇಡ ಎಂಬ ಜ್ಞಾನೋಕ್ತಿ 22:28ರ ಎದುರು ಪಕ್ಕದ ತೋಟದ ಬೇಲಿ ಬರದಿದ್ದರೆ ಮಲೆನಾಡಿನಲ್ಲಿ ಆ ವಚನ ಓದಿ ಏನು ಬಂತು!

ನಾಲ್ಕನೇ ವಾರ ಹೊಸದೇನೂ ಬರೆಯುವುದಿಲ್ಲ. ಮೂರನೇ ಮನೆಯಲ್ಲಿ ಬರೆದದ್ದನ್ನು ಮಾಡಿ ಮುಗಿಸುವುದಕ್ಕೆ ಆ ವಾರ.

ಈಗ ಭಾಷೆಯ ವಿಷಯ. ಇದರ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಇಡೀ ಬೈಬಲ್ ಕನ್ನಡಕ್ಕೆ ಬಂದು ಹತ್ತಿರಹತ್ತಿರ ಇನ್ನೂರು ವರ್ಷವಾಯಿತು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನವರ ಕೆಲಸ 1831ರ ಹೊತ್ತಿಗೆ ಮುಗಿದಿತ್ತು. ಆಮೇಲೆ ತಿದ್ದುಪಡಿಗಳಾದವು. ಆದರೂ ಸಭೆಗಳಲ್ಲಿ ಓದುವ ಹಳೆಯ ಭಾಷಾಂತರದ ಎಷ್ಟೋ ಮಾತುಗಳು ಮನೆಯ ಮಾತಿನಲ್ಲಿ ಬೇರೆ ಅರ್ಥಕ್ಕೆ ಹೊರಳಿವೆ. 'ಪಾಪ' ಎಂದರೆ ನಮ್ಮಲ್ಲಿ ಅರ್ಧ ಕನಿಕರ: 'ಪಾಪ, ಜ್ವರ ಬಂದಿದೆಯಂತೆ.' 'ನೀತಿ' ಎಂದರೆ ಶಾಲೆಯ ನೀತಿಪಾಠ. ಆ ಅರ್ಥ ಇಟ್ಟುಕೊಂಡು ರೋಮಾಪುರ 3ನೇ ಅಧ್ಯಾಯ ಓದಿದರೆ, ಒಳ್ಳೆಯ ನಡತೆ ಇದ್ದರೆ ದೇವರು ಒಪ್ಪುತ್ತಾನೆ ಎಂದು ತಿರುಗಾಮುರುಗಾ ಅರ್ಥವಾಗುತ್ತದೆ. ಪೌಲ ಹೇಳುತ್ತಿರುವುದು ಅದಕ್ಕೆ ತದ್ವಿರುದ್ಧ: ದೇವರೇ ಒಬ್ಬನನ್ನು ತನ್ನ ಎದುರು ಸರಿಯಾದವನೆಂದು ನಿಲ್ಲಿಸಿಕೊಳ್ಳುತ್ತಾನೆ, ಅವನ ಗಳಿಕೆ ನೋಡಿ ಅಲ್ಲ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು 'ಧ್ಯಾನ'. ಕೀರ್ತನೆ 1:2ರಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನು ಎಂದು ಓದಿದ ಕೂಡಲೇ ಕಣ್ಣುಮುಚ್ಚಿ, ಮನಸ್ಸು ಬರಿದು ಮಾಡಿ ಕೂರುವ ಚಿತ್ರ ಬರುತ್ತದೆ. ಅಲ್ಲಿರುವ ಹೀಬ್ರೂ ಮಾತು 'ಹಾಗಾ'. ಯೆಶಾಯ 31:4ರಲ್ಲಿ ಬೇಟೆಯ ಮೇಲೆ ಕೂತ ಸಿಂಹದ ಗುರುಗುಟ್ಟುವಿಕೆಗೂ 38:14ರಲ್ಲಿ ಪಾರಿವಾಳದ ನರಳುವಿಕೆಗೂ ಅದೇ ಮಾತು. ಗುಣುಗುವುದು, ಬಾಯಲ್ಲಿ ಆಡಿಸುತ್ತಿರುವುದು. ಹಾಗಾಗಿ ನನ್ನ ಧ್ಯಾನಕ್ಕೆ ಕೋಣೆ ಬೇಡ. ಬೆಳಿಗ್ಗೆಯ ಓದಿನಿಂದ ಒಂದು ವಚನ ಆರಿಸಿ ಹಳೆಯ ಲಗ್ನಪತ್ರಿಕೆಯ ಖಾಲಿ ಬದಿಯಲ್ಲಿ ಬರೆದು ಜೇಬಿಗೆ ಹಾಕುತ್ತೇನೆ; ಹುಲ್ಲು ಕತ್ತರಿಸುವಾಗ, ಶಿವಮೊಗ್ಗದ ಬಸ್ಸಿಗೆ ಕಾಯುವಾಗ ಬಾಯಲ್ಲಿ ಅದೇ. ವಾರಕ್ಕೆ ಒಂದು ವಚನ ಸಾಕು, ವರ್ಷಕ್ಕೆ 52. ಪುಸ್ತಕ, ಅಧ್ಯಾಯ, ವಚನಸಂಖ್ಯೆಯನ್ನು ಮೊದಲೂ ಕೊನೆಗೂ ಹೇಳಬೇಕು. ಇಲ್ಲದಿದ್ದರೆ ಮಾತು ನೆನಪಿರುತ್ತದೆ, ಜಾಗ ಮರೆಯುತ್ತದೆ. ಏಳು ದಿನ ದಿನವೂ, ಮುಂದಿನ ನಾಲ್ಕು ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಆ ಚೀಟಿಯನ್ನು ತಿರುವುವುದು. ಕಂಠಪಾಠಕ್ಕೆ ಹಳೆಯ ಭಾಷಾಂತರವೇ ಒಳ್ಳೆಯದು, ಅದಕ್ಕೆ ಲಯ ಇದೆ. ಅರ್ಥಕ್ಕೆ ಪಕ್ಕದಲ್ಲಿ ಸರಳ ಕನ್ನಡದ್ದೊಂದು ಇರಲಿ. ಮನೆಯಲ್ಲಿ ಕೊಂಕಣಿಯೋ ಮಲಯಾಳವೋ ತಮಿಳೋ ಆಡುವವರು ನಮ್ಮಲ್ಲಿ ಬಹಳ ಮಂದಿ. ಅಂಥವರು ವಾರಕ್ಕೊಂದು ದಿನ ಅದೇ ಭಾಗವನ್ನು ಮನೆಮಾತಿನಲ್ಲಿ ಓದಬೇಕು. ಸಿಟ್ಟು ಬಂದಾಗ ಬಾಯಿಗೆ ಬರುವ ಭಾಷೆಯಲ್ಲಿ ವಾಕ್ಯ ಇಳಿಯದಿದ್ದರೆ ಅದು ಸಿಟ್ಟಿನ ಹತ್ತಿರ ಹೋಗುವುದಿಲ್ಲ.

ಸಂಜೆಯ ಓದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ಮಳೆ ಹಿಡಿದ ಸಂಜೆಗಳು ಉದ್ದ. ಆಗ ಹಳೆಯ ಒಡಂಬಡಿಕೆಯ ಕಥನಭಾಗ, ದಿನಕ್ಕೊಂದು ಅಧ್ಯಾಯ. ಒಂದು ಮಳೆಗಾಲಕ್ಕೆ ಆದಿಕಾಂಡ, ವಿಮೋಚನಕಾಂಡ. ಮುಂದಿನದಕ್ಕೆ ಸಮುವೇಲನ ಎರಡು, ಅರಸುಗಳ ಎರಡು ಪುಸ್ತಕ, ಒಟ್ಟು 102 ಅಧ್ಯಾಯ. ಎರಡನೇ ಅರಸುಗಳ 14ರ ಹತ್ತಿರ ನಿಂತು ಪ್ರವಾದಿ ಆಮೋಸನ 9 ಅಧ್ಯಾಯ. ಇಸ್ರಾಯೇಲಿನ ಅರಸ ಎರಡನೇ ಯಾರೊಬ್ಬಾಮನ ಕಾಲದ ಸಿರಿತನದ ಕೆಳಗೆ ಏನಿತ್ತು ಎಂದು ಅರಸುಗಳ ಪುಸ್ತಕ ಏಳು ವಚನದಲ್ಲಿ ದಾಟಿಬಿಡುತ್ತದೆ, ಆಮೋಸ ದಾಟುವುದಿಲ್ಲ. 20ನೇ ಅಧ್ಯಾಯದ ನಂತರ ಮೀಕನ 7. ದಾವೀದನ ಬತ್ಷೆಬೆಯ ಪ್ರಕರಣ ಓದಿದ ರಾತ್ರಿ, ಆ ಪಾಪಕ್ಕೆ ಅವನು ಪಶ್ಚಾತ್ತಾಪಪಟ್ಟದ್ದೆನ್ನುವ 51ನೇ ಕೀರ್ತನೆ ಓದದೆ ಮಲಗಬಾರದು. ಪ್ರವಾದಿಗಳನ್ನು ಪುಸ್ತಕದ ಕೊನೆಯಲ್ಲಿ ಒಟ್ಟಿಗೆ ಓದಿದರೆ ಬರೀ ಗದರಿಕೆ ಎನಿಸುತ್ತದೆ; ಅರಸರ ನಡುವೆ ಇಟ್ಟು ಓದಿದರೆ ಯಾರಿಗೆ, ಯಾಕೆ ಗದರುತ್ತಿದ್ದಾರೆ ಎಂದು ಕಾಣುತ್ತದೆ.

ಯಾಜಕಕಾಂಡವನ್ನು ಬಿಡುವುದಿಲ್ಲ, ಮೊದಲಿನಿಂದ ಓದುವುದೂ ಇಲ್ಲ. ದೋಷಪರಿಹಾರದ ದಿನದ 16ನೇ ಅಧ್ಯಾಯವನ್ನು, ಅದೇ ವಿಷಯ ಎತ್ತುವ ಇಬ್ರಿಯರಿಗೆ 9ರ ಜೊತೆ, 19ನೆಯದನ್ನು ಯಾಕೋಬನ ಜೊತೆ. ಕೂಲಿಯವನ ಕೂಲಿ ಬೆಳಗಾಗುವ ತನಕ ನಿನ್ನ ಹತ್ತಿರ ಉಳಿಯಬಾರದು ಎಂದು 19:13ರಲ್ಲೇ ಇದೆ. ಯಾಕೋಬ ಅದನ್ನು ಎಲ್ಲಿಂದ ತಂದ ಎಂದು ಆಗ ತಿಳಿಯುತ್ತದೆ, ಉಳಿದ ಅಧ್ಯಾಯಗಳ ಮೇಲೂ ಮನಸ್ಸು ಬರುತ್ತದೆ.

ಕೊಯ್ಲಿನ ತಿಂಗಳುಗಳಲ್ಲಿ ಸಂಜೆಗೆ ಕೀರ್ತನೆ ಮಾತ್ರ, ತಾರೀಖಿನ ಲೆಕ್ಕದಲ್ಲಿ. 7ನೇ ತಾರೀಖಾದರೆ 7, 37, 67, 97, 127; ಪುರಸೊತ್ತಿದ್ದರೆ ಐದೂ, ಇಲ್ಲದಿದ್ದರೆ ಅದರಲ್ಲಿ ಒಂದು. 176 ವಚನಗಳ 119ನೆಯದು 29ಕ್ಕೆ ಬೀಳುತ್ತದೆ. ಅದನ್ನು 31ಕ್ಕೆ ತಳ್ಳುತ್ತೇನೆ. ಗೋಳಿನ ಕೀರ್ತನೆಗಳನ್ನು ಹಾರಿಸಬೇಡಿ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೂ ಬೆಳಕಿಲ್ಲ. ಸ್ತುತಿಗೀತೆ ಮಾತ್ರ ಆರಿಸಿ ಓದಿದವರಿಗೆ ಅಡಿಕೆಗೆ ಕೊಳೆರೋಗ ಬಂದು ಫಸಲು ಉದುರಿದ ವರ್ಷ ದೇವರ ಹತ್ತಿರ ಆಡಲು ಮಾತೇ ಇರುವುದಿಲ್ಲ. ಔಷಧಿಯನ್ನಾದರೂ ಮಳೆ ಹಿಡಿಯುವ ಮೊದಲೇ ಹೊಡೆಯುತ್ತೇವಲ್ಲ.

ಈಸ್ಟರಿಗೆ ಮುಂಚಿನ ನಲವತ್ತು ದಿನ ಮಾರ್ಕನ ಸುವಾರ್ತೆ. 16 ಅಧ್ಯಾಯಗಳಲ್ಲಿ ಕೊನೆಯ ಆರು ಯೇಸುವಿನ ಒಂದೇ ವಾರಕ್ಕೆ ಮೀಸಲು, ಅಲ್ಲಿ ನಿಧಾನ.

ಕೆಡುವುದು ಹೇಗೆ ಎಂಬುದಕ್ಕೆ ಬರುತ್ತೇನೆ. ಮೊದಲನೆಯದು ಬಾಕಿ ತೀರಿಸುವುದು. ಮೂರು ದಿನ ತಪ್ಪಿತೆಂದು ನಾಲ್ಕನೇ ದಿನ ನಾಲ್ಕು ಪಟ್ಟು ಓದಲು ಹೋದರೆ ಓದು ಸಾಲವಾಗುತ್ತದೆ, ಸಾಲ ಕೊಟ್ಟವನ ಮುಖ ನೋಡಲು ಯಾರಿಗೆ ಇಷ್ಟ? ತಪ್ಪಿದ್ದು ತಪ್ಪಿತು, ಇಂದಿನದು ಇಂದು. ನಾನು ತಿಂಗಳಿಗೆ 25 ದಿನವೆಂದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಏನೂ ರುಚಿಸದ ದಿನಗಳಲ್ಲಿ ಹತ್ತು ವಚನಕ್ಕೆ ಇಳಿಸುತ್ತೇನೆ, ಸೊನ್ನೆಗೆ ಇಳಿಸುವುದಿಲ್ಲ.

ಎರಡನೆಯದು ಕಣ್ಣುಮುಚ್ಚಿ ಪುಟ ತೆಗೆದು, ಬೆರಳಿಟ್ಟಲ್ಲಿ ಉತ್ತರ ಹುಡುಕುವುದು. ವರ್ಷಕ್ಕೊಂದು ವಚನವೆಂದು ವಾಗ್ದಾನದ ಚೀಟಿ ಎತ್ತುವುದೂ ಇದರ ತಮ್ಮನೇ. ಚೀಟಿಯಲ್ಲಿ ಬಹಳ ಸಲ ಬರುವ ಯೆರೆಮೀಯ 29:11, ನಿಮಗೆ ಗತಿಯೂ ನಿರೀಕ್ಷೆಯೂ ಇರಲಿ ಎಂಬುದು, ಬಾಬೆಲಿಗೆ ಸೆರೆಹೋದವರಿಗೆ ಬರೆದದ್ದು. ಅದರ ಹಿಂದಿನ ವಚನದಲ್ಲಿ ಎಪ್ಪತ್ತು ವರ್ಷ ಕಾಯಬೇಕೆಂದಿದೆ. ಚೀಟಿಯಲ್ಲಿ ಆ ವಚನ ಇರುವುದಿಲ್ಲ. ಸೈತಾನನೂ ಮತ್ತಾಯ 4ರಲ್ಲಿ ಕೀರ್ತನೆ 91ರಿಂದಲೇ ಎತ್ತಿ ಹೇಳಿದ. ಯಾವ ವಚನ ಕೈಗೆ ಬಂದರೂ ಹಿಂದಿನ 20, ಮುಂದಿನ 20 ಓದದೆ ಯಾರಿಗೂ ವಾಟ್ಸಾಪ್ ಮಾಡುವುದಿಲ್ಲ ಎಂಬುದು ನನ್ನ ಕಟ್ಟುಪಾಡು.

ಕಾಗದದ ಗೊಡವೆಯೂ ಸ್ವಲ್ಪ ಇದೆ. ಬೈಬಲ್ಲಿನ ಹಾಳೆ ತೆಳು, ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಎಚ್‌ಬಿ ಪೆನ್ಸಿಲ್, ಮಕ್ಕಳ ಬಣ್ಣದ ಪೆನ್ಸಿಲ್ ಸಾಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟರೆ ಒಳಗೇ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಹತ್ತಿಬಟ್ಟೆ ಸುತ್ತಿ, ಹೊರಗೋಡೆಗೆ ತಾಗದಂತೆ, ಒಲೆಯ ಶಾಖ ಬರುವ ಕಡೆ ಇಡುವುದು. ಕರೆಂಟು ಹೋದಾಗ ಮೊಬೈಲಿನಲ್ಲಿ ಓದಬಹುದು, ಏರೋಪ್ಲೇನ್ ಮೋಡಿಗೆ ಹಾಕಿದ ಮೇಲೆ.

ಒಬ್ಬರೇ ಓದಿದರೆ ತಮಗೆ ಬೇಕಾದದ್ದೇ ಕಾಣುತ್ತದೆ. ಹದಿನೈದು ದಿನಕ್ಕೊಮ್ಮೆ ಐದಾರು ಮಂದಿಯ ಮನೆಕೂಟ ಬೇಕು. ಎಂಟು ದಾಟಿದರೆ ಇಬ್ಬರು ಮಾತಾಡಿ ಉಳಿದವರು ಆಕಳಿಸುತ್ತಾರೆ. ಒಬ್ಬರಿಗೆ ಮೂರು ನಿಮಿಷ. ಇನ್ನೊಬ್ಬರ ಮೂರನೇ ಮನೆಗೆ ಸಲಹೆ ಕೊಡುವಂತಿಲ್ಲ, ಹೋದ ಸಲ ಬರೆದದ್ದು ಆಯಿತೇ ಎಂದು ಕೇಳಬಹುದು. ಅರ್ಥದಲ್ಲಿ ಜಗಳ ಬಿದ್ದರೆ ಬರೆದಿಟ್ಟುಕೊಂಡು ಸಭೆಯ ಅಯ್ಯನವರನ್ನೋ ಫಾದರನ್ನೋ ಕೇಳುವುದು.

ಇಬ್ರಿಯರಿಗೆ 5:14ರಲ್ಲಿ ಗಟ್ಟಿ ಆಹಾರ ಬಲಿತವರಿಗೆ ಎಂದಿದೆ. ಬಲಿತವರು ಯಾರೆಂದರೆ ಸಾಧನೆಯಿಂದ ಒಳ್ಳೆಯದು ಕೆಟ್ಟದ್ದನ್ನು ಗುರುತಿಸಲು ಪಳಗಿದವರು. ಅಲ್ಲಿಯ ಗ್ರೀಕ್ ಮಾತು ಗರಡಿಮನೆಯ ತಾಲೀಮಿನದು. ಎಷ್ಟು ಅಧ್ಯಾಯ ಓದಿದೆ ಎಂಬುದು ಆ ತಾಲೀಮಿನ ಅಳತೆಯಲ್ಲ. ಸಿಟ್ಟು ಇಳಿಯಲು ಎಷ್ಟು ಹೊತ್ತು ಹಿಡಿಯಿತು, ತಪ್ಪಾಯಿತು ಎನ್ನಲು ಎಷ್ಟು ದಿನ ಹಿಡಿಯಿತು, ಕೈಯಿಂದ ದುಡ್ಡು ಎಷ್ಟು ಸಲೀಸಾಗಿ ಬಿಟ್ಟಿತು: ಮೂರು ತಿಂಗಳಿಗೊಮ್ಮೆ ಈ ಮೂರನ್ನು ನೋಡುತ್ತೇನೆ. ಉತ್ತರ ಬರೆಯುವುದು ನಾನಲ್ಲ. ಮನೆಯವರನ್ನು ಕೇಳಿ ಅವರು ಹೇಳಿದಂತೆಯೇ ಬರೆದುಕೊಳ್ಳುತ್ತೇನೆ.

ಸುತ್ತು ಮುಗಿದು ಫಿಲಿಪ್ಪಿ ಮತ್ತೆ ಬಂದಾಗ ಹೊಸ ನೋಟ್‌ಬುಕ್ಕು. ಹಳೆಯದನ್ನು ಮೂರನೇ ವಾರ ಮುಗಿಯುವವರೆಗೆ ತೆಗೆಯುವುದಿಲ್ಲ, ತೆಗೆದರೆ ಹಳೆಯ ಉತ್ತರವೇ ಕೈಗೆ ಬರುತ್ತದೆ. ನಾಲ್ಕನೇ ವಾರ ಎರಡನ್ನೂ ಪಕ್ಕಪಕ್ಕ ಇಟ್ಟು ಮೂರನೇ ಮನೆಯನ್ನಷ್ಟೇ ಹೋಲಿಸುತ್ತೇನೆ. ಅದೇ ಹೆಸರು, ಅದೇ ಬೇಲಿ ಮತ್ತೆ ಬಂದಿದ್ದರೆ ಮುಂದಿನ ತಿಂಗಳು ಯಾಕೋಬಕ್ಕೆ ಹೋಗುವುದಿಲ್ಲ. ಫಿಲಿಪ್ಪಿಯೇ ಇನ್ನೊಂದು ತಿಂಗಳು.