ಮೂರನೇ ಪಂಚ್‌ನಲ್ಲಿ ಸಿಕ್ಕಿದ್ದು

ವಾಸಿಯಾಗದ ಇಸುಬು ಕಂಡರೆ ಸಾಕು, ಬಯಾಪ್ಸಿಗೆ ಕೈ ಹಾಕುವ ಚರ್ಮದ ಡಾಕ್ಟ್ರು ಅಂತ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನನಗೆ ಹೆಸರಿದೆ. ದುಡ್ಡಿನಾಸೆ ಅಂದವರೂ ಉಂಟು. ಅವರೇ ಈಗ ಪೇಷಂಟ್ ಕಳಿಸುತ್ತಿದ್ದಾರೆ.

ಕಾರಣ ಕುಂದಾಪುರ ಕಡೆಯ ಹೋಟೆಲ್ ಅಡುಗೆಯವರೊಬ್ಬರು. ಪೃಷ್ಠ, ತೊಡೆಯ ಮೇಲ್ಭಾಗ, ಹೀಗೆ ಬಿಸಿಲು ಕಾಣದ ಕಡೆಯಲ್ಲೇ ಕೆಂಪು ಮಚ್ಚೆ. ಹುಳುಕಡ್ಡಿ ಅಂತ ಐದಾರು ವರ್ಷ ಮೆಡಿಕಲ್ ಶಾಪಿನ, ಸ್ಟಿರಾಯ್ಡ್ ಬೆರೆತ ಮಿಕ್ಸ್ ಟ್ಯೂಬ್ ಹಚ್ಚಿದ್ದರು. ಫಂಗಸ್ ಹುಡುಕುವ ಕೆಓಎಚ್ ಟೆಸ್ಟ್ ನೆಗೆಟಿವ್. ಮೊದಲ ಪಂಚ್‌ನಲ್ಲಿ, ಅಂದರೆ ಚರ್ಮದ ಸಣ್ಣ ಬಿಲ್ಲೆ ಕೊಯ್ದು ಮಾಡುವ ಬಯಾಪ್ಸಿಯಲ್ಲಿ, ಬರೀ ಡರ್ಮಟೈಟಿಸ್ (ಚರ್ಮದ ಉರಿಯೂತ). ಎರಡನೆಯದೂ ಅಷ್ಟೆ. ಪ್ರತಿ ಸಲ ಸಾವಿರದೈನೂರರ ಹತ್ತಿರ ಖರ್ಚು. "ಇನ್ನೆಷ್ಟ್ ಸಲ ಕೊಯ್ತ್ರಿ ಮಾರಾಯ್ರೆ?" ಅಂತ ಸಿಟ್ಟಾದರು. ಆಮೇಲೆ ಹೆಂಡತಿ ಬಾಯಿಬಿಟ್ಟರು: ತುರಿಕೆ ತಡೆಯದೆ ಗಂಡ ಆ ಟ್ಯೂಬನ್ನು ಕದ್ದು ಹಚ್ಚುತ್ತಲೇ ಇದ್ದರಂತೆ. ಸ್ಟಿರಾಯ್ಡ್ ಬಿದ್ದ ಚರ್ಮದಲ್ಲಿ ಸ್ಲೈಡ್ ಏನು ಹೇಳೀತು!

ಟ್ಯೂಬುಗಳನ್ನೆಲ್ಲ ನನ್ನ ಡ್ರಾಯರಿಗೆ ಹಾಕಿಕೊಂಡು ಸುಮಾರು ಒಂದು ತಿಂಗಳು ವ್ಯಾಸಲೀನ್, ತುರಿಕೆಯ ಮಾತ್ರೆ ಮೇಲೇ ಇಟ್ಟೆ. ಮಚ್ಚೆ ಕೆರಳಿತು, ನನಗೆ ಬೇಕಾಗಿದ್ದೂ ಅದೇ. ಎರಡು ಬೇರೆ ಮಚ್ಚೆಗಳಿಂದ ಪಂಚ್ ತೆಗೆದು, ಫೋಟೋ ಸಮೇತ ಪೆಥಾಲಜಿಸ್ಟ್ ಎದುರು ಹೋಗಿ ಕೂತೆ. ಮಚ್ಚೆಯ ಯಾವ ಜಾಗ ಆರಿಸುತ್ತೇನೆ ಅನ್ನೋದನ್ನು ಇಲ್ಲಿ ಬರೆಯೋಲ್ಲ. ಕ್ಲಿನಿಕ್ಕಿಗೆ ಬನ್ನಿ, ಚಹಾ ಕೊಟ್ಟು ತೋರಿಸುತ್ತೇನೆ. ಇಸುಬಿನಲ್ಲಿ ಕಾಣುವ ಊತ (ಸ್ಪಾಂಜಿಯೋಸಿಸ್) ಹೆಚ್ಚಿಲ್ಲದೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಚರ್ಮದ ಮೇಲ್ಪದರವಾದ ಎಪಿಡರ್ಮಿಸ್‌ಗೆ ಏರಿ ಕೂತಿದ್ದವು. ಆ ಕಣಗಳ ಜಾತಿ ಗುರುತಿಸುವ ಇಮ್ಯುನೋ ಟೆಸ್ಟಿಗೆ ಏಳೆಂಟು ಸಾವಿರ. ಅರ್ಧ ಹೋಟೆಲ್ ಧಣಿ ಕೊಟ್ಟರು, ನನ್ನ ಫೀಸು ಬಿಟ್ಟೆ. ಉತ್ತರ ಬಂತು: ಮೈಕೋಸಿಸ್ ಫಂಗಾಯ್ಡಿಸ್. ಹೆಸರಲ್ಲಿ ಫಂಗಸ್ ಇದ್ದರೂ ಅದು ಟಿ ಸೆಲ್ ಲಿಂಫೋಮಾ, ಅಂದರೆ ಲಿಂಫೋಸೈಟ್ ಕಣಗಳ ಕ್ಯಾನ್ಸರ್. ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿದೆ. ಮೊದಲ ಹಂತವಾದ್ದರಿಂದ ನ್ಯಾರೋಬ್ಯಾಂಡ್ ಯುವಿ ಲೈಟಿನ ಚಿಕಿತ್ಸೆಯಲ್ಲೇ ಮಚ್ಚೆ ಇಳಿಯುತ್ತಿದೆ.

ಆ ಗುಂಗಿನಲ್ಲಿ ಹಳೇ ಕೇಸ್ ಪೇಪರುಗಳನ್ನೂ ಕೆದಕಿದೆ. ಕಪ್ಪು ಕತ್ತು ಒಮ್ಮೊಮ್ಮೆ ಒಳಗಿನ ಕ್ಯಾನ್ಸರಿನ ಸುಳಿವು ಅಂತ ಅಂಥವರನ್ನೆಲ್ಲ ಕರೆಸಿ ನೋಡಿದ್ದು ದಂಡ. ಹೆಚ್ಚಿನವರಿಗೆ ಶುಗರ್, ಬೊಜ್ಜು. ವಯಸ್ಸಾದವರಲ್ಲಿ ದಿಢೀರನೆ ಕಪ್ಪಾಗಿ, ತೂಕ ಇಳಿದು, ಅಂಗೈ ದಪ್ಪ ಮಖಮಲ್ಲಿನಂತಾಗಿದ್ದರೆ ಮಾತ್ರ ಈಗ ಹೊಟ್ಟೆಯ ಎಂಡೋಸ್ಕೋಪಿ ಬರೆಯುತ್ತೇನೆ. ಒಂದೇ ಮೊಲೆತೊಟ್ಟಿನ ಇಸುಬಿನಲ್ಲಿ ಅಷ್ಟು ಕಾಯುವುದಿಲ್ಲ. ಇಂಗ್ಲಿಷ್ ಸರ್ಜನ್ ಪ್ಯಾಜೆಟ್ 1874ರಲ್ಲೇ ಅದರ ಹಿಂದಿನ ಸ್ತನ ಕ್ಯಾನ್ಸರ್ ಬಗ್ಗೆ ಬರೆದಿಟ್ಟಿದ್ದಾನೆ, ನಮ್ಮವರು ಇನ್ನೂ ತಿಂಗಳುಗಟ್ಟಲೆ ಮುಲಾಮು ಕೊಡುತ್ತಾರೆ. ಎರಡು ವಾರದಲ್ಲಿ ಒಣಗದಿದ್ದರೆ ಪಂಚ್, ಜೊತೆಗೆ ಮ್ಯಾಮೋಗ್ರಾಮ್.