ಮೂರು ಅಂತಸ್ತಿನ ಮನೆಗೆ ವೈಫೈ: ರೌಟರ್ ಕೊಳ್ಳುವ ಮೊದಲು ಅಳೆಯಿರಿ

30x40 ಸೈಟಿನ ಮನೆಗಳಲ್ಲಿ ಫೈಬರ್ ಸಾಮಾನ್ಯವಾಗಿ ಮುಂಬಾಗಿಲ ಪಕ್ಕದಲ್ಲೇ ಒಳಗೆ ಬರುತ್ತದೆ. ಕನೆಕ್ಷನ್ ಕೊಡಲು ಬಂದವರು ಟಿವಿ ಹಿಂದೆ ಫೈಬರ್ ಡಬ್ಬಿ ಇಟ್ಟು ಹೋಗುತ್ತಾರೆ. ಮಹಡಿಯ ಹಿಂಬದಿ ಕೋಣೆಯಲ್ಲಿ ವಿಡಿಯೋ ಕಾಲ್ ಕಡಿದುಹೋದಾಗ ಎಲ್ಲರಿಗೂ ಮೊದಲು ಹೊಳೆಯುವುದು ಆರು ಆಂಟೆನಾದ ದೊಡ್ಡ ರೌಟರ್. ಅದಕ್ಕೆ ದುಡ್ಡು ಸುರಿಯಬೇಡಿ. ರೌಟರ್ ಎಷ್ಟೇ ಜೋರಾಗಿ ಕೂಗಿದರೂ ಉತ್ತರ ಕೊಡಬೇಕಾದದ್ದು ನಿಮ್ಮ ಫೋನಿನ ಪುಟ್ಟ ಆಂಟೆನಾ. ಸಿಗ್ನಲ್ ಕಡ್ಡಿಗಳೆಲ್ಲ ಕಾಣುತ್ತಿದ್ದರೂ ನಿಮ್ಮ ಮಾತು ಆ ಕಡೆಯವರಿಗೆ ತುಂಡು ತುಂಡಾಗಿ ಕೇಳುವುದು ಇದರಿಂದಲೇ.

ಆ್ಯಂಡ್ರಾಯ್ಡ್ ಫೋನಿಗೆ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಳ್ಳಿ. ಬಾಗಿಲು ಮುಚ್ಚಿ, ನಿಜವಾಗಿ ಕೂರುವ ಜಾಗದಲ್ಲೇ ಕೂತು, ಅರ್ಧ ನಿಮಿಷ ಬಿಟ್ಟು ಡಿಬಿಎಂ ಅಂಕಿ (ಸಿಗ್ನಲ್ ಎಷ್ಟು ಬಲವಾಗಿದೆ ಎಂಬ ಅಳತೆ) ಬರೆದಿಟ್ಟುಕೊಳ್ಳಿ. ವೈಫೈಯ ಎರಡು ಬ್ಯಾಂಡ್‌ಗಳಾದ 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಬೇರೆ ಬೇರೆಯಾಗಿ ನೋಡಿ. ಅಂಕಿ ಮೈನಸ್‌ನಲ್ಲಿರುತ್ತದೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. -67 ತನಕ ವಿಡಿಯೋ ಕಾಲ್ ನೆಮ್ಮದಿಯಾಗಿ ನಡೆಯುತ್ತದೆ, -75 ದಾಟಿದರೆ ತೊದಲುತ್ತದೆ. 10 ಇಳಿಯಿತೆಂದರೆ ಸಿಗ್ನಲ್ ಹತ್ತರಲ್ಲಿ ಒಂದು ಪಾಲಾಯಿತು ಎಂದರ್ಥ.

ಕಂಬಿ ಕಟ್ಟಿದ ಆರ್‌ಸಿಸಿ ಚಾವಣಿ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್, 9 ಇಂಚಿನ ಗೋಡೆ ಎಲ್ಲವೂ ಸಿಗ್ನಲ್ ನುಂಗುತ್ತವೆ, 5 ಗಿಗಾಹರ್ಟ್ಸನ್ನು ಇನ್ನೂ ಹೆಚ್ಚಾಗಿ. ಒಂದಂತಸ್ತಿನಿಂದ ಇನ್ನೊಂದಕ್ಕೆ ಸಿಗ್ನಲ್ ದಾಟಲು ಸುಲಭದ ದಾರಿ ಮೆಟ್ಟಿಲ ತೆರಪು. ಹಾಗಾಗಿ ರೌಟರನ್ನು ಮೆಟ್ಟಿಲ ಹತ್ತಿರ, ಐದಾರು ಅಡಿ ಎತ್ತರದಲ್ಲಿ ಇಡಿ. ಆಂಟೆನಾದ ಸುತ್ತ ಸಿಗ್ನಲ್ ಹರಡುವುದು ಉದ್ದಿನ ವಡೆಯ ಆಕಾರದಲ್ಲಿ. ಆಂಟೆನಾ ಕಡ್ಡಿಯ ನೇರಕ್ಕೆ, ಅಂದರೆ ವಡೆಯ ತೂತಿರುವ ಕಡೆ, ತೀರಾ ಕಡಿಮೆ. ನೆಟ್ಟಗೆ ನಿಂತ ಆಂಟೆನಾ ಅದೇ ಮಹಡಿಗೆ ಸರಿ. ಮೇಲಿನ ಮಹಡಿಗಾಗಿ ಒಂದನ್ನು ಅಡ್ಡ ಮಲಗಿಸಿ ಮತ್ತೆ ಅಳೆಯಿರಿ.

ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ನಡುವೆ ಇಟ್ಟ ಒಂದು ವೈಫೈ 6 ರೌಟರ್ ಸಾಮಾನ್ಯವಾಗಿ ಸಾಕು. ರೌಟರಿನ ಹೆಸರಿನಲ್ಲಿರುವ ಎಎಕ್ಸ್1800 ಎಂದರೆ 2.4ರ 574 ಮತ್ತು 5ರ 1201 ಎಂಬಿಪಿಎಸ್ ಕೂಡಿಸಿ ಸುಮಾರಾಗಿ ಹೇಳಿದ ಅಂಕಿ; ಒಂದೇ ಫೋನಿಗೆ ಅಷ್ಟೂ ಸಿಗುವುದಿಲ್ಲ. ಎಎಕ್ಸ್1500 ಮಾದರಿಗಳಲ್ಲಿ 2.4ರ ಭಾಗ ಬಹುತೇಕ ಹಳೆಯ ವೈಫೈ 4 ಆಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪೋರ್ಟುಗಳು ಗಿಗಾಬಿಟ್ (1000 ಎಂಬಿಪಿಎಸ್) ಹೌದೋ ಅಲ್ಲವೋ ಓದಿ. ಅಗ್ಗದ ರೌಟರುಗಳಲ್ಲಿ 100 ಎಂಬಿಪಿಎಸ್ ಪೋರ್ಟ್ ಇರುತ್ತದೆ, 300 ಎಂಬಿಪಿಎಸ್ ಪ್ಲ್ಯಾನ್ ಅಲ್ಲೇ ಸತ್ತುಹೋಗುತ್ತದೆ.

ಮೂರು ಅಂತಸ್ತಿದ್ದರೆ ಅಂತಸ್ತಿಗೊಂದರಂತೆ ಮೆಶ್ ಯೂನಿಟ್ (ಒಂದೇ ವೈಫೈಯನ್ನು ಸೇರಿ ಹಂಚುವ ಡಬ್ಬಿ) ಬೇಕು, ಅವುಗಳ ನಡುವೆ ವೈರ್ ಬೇಕು. ವೈರ್ ಇಲ್ಲದ ಡ್ಯುಯಲ್ ಬ್ಯಾಂಡ್ ಮೆಶ್ ಒಂದೇ ರೇಡಿಯೊದಲ್ಲಿ ಕೇಳಿಸಿಕೊಂಡು ಅದರಲ್ಲೇ ಮುಂದಕ್ಕೆ ಹೇಳಬೇಕು, ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವೈರ್ ಎಳೆಯಲು ಸಾಧ್ಯವೇ ಇಲ್ಲವೆಂದರೆ ಇನ್ನೊಂದು ರೇಡಿಯೊ ಹೆಚ್ಚಿಗೆ ಇರುವ ಟ್ರೈ ಬ್ಯಾಂಡ್ ತೆಗೆದುಕೊಳ್ಳಿ. ಆಗ ಎರಡನೇ ಯೂನಿಟ್ಟನ್ನು ಸಿಗ್ನಲ್ ಸತ್ತ ಕೋಣೆಯಲ್ಲಿ ಇಡಬೇಡಿ. ಇನ್ನೂ -60ರಿಂದ -65 ಸಿಗುತ್ತಿರುವ ಜಾಗದಲ್ಲಿಡಿ. ತನಗೇ ಸಿಗದದ್ದನ್ನು ಅದು ಹಂಚುವುದು ಹೇಗೆ?

ಕೇಬಲ್ ಕ್ಯಾಟ್6 ಇರಲಿ, ಪೂರ್ತಿ ತಾಮ್ರದ್ದೇ ಕೇಳಿ ತನ್ನಿ. ಸಿಸಿಎ ಎಂದು ಬರೆದದ್ದು ತಾಮ್ರ ಲೇಪಿಸಿದ ಅಲ್ಯುಮಿನಿಯಂ, ಬಾಗಿಸಿದರೆ ಮುರಿಯುತ್ತದೆ. ಹಳೆಯ ಟಿವಿ ಕೇಬಲಿನ ಪೈಪಿನಲ್ಲಿ ಎಳೆಯಿರಿ, ಕರೆಂಟ್ ವೈರಿನ ಪೈಪ್ ಬೇಡ. ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಅರ್ಧ ಇಂಚಿಗಿಂತ ಹೆಚ್ಚು ಹುರಿ ಬಿಚ್ಚಬೇಡಿ. ಗಿಗಾಬಿಟ್ಟಿಗೆ ಎಂಟೂ ಎಳೆ ಬೇಕು; 100ಕ್ಕೆ ಕಿತ್ತಳೆ, ಹಸಿರು ಜೋಡಿಗಳಷ್ಟೇ ಸಾಕು. ನೆಟ್ ಬರುತ್ತಿದ್ದರೂ ಲಿಂಕ್ ಸ್ಪೀಡ್ 100 ಎಂದು ತೋರಿಸಿದರೆ ಮೊದಲು ನೀಲಿ, ಕಂದು ಎಳೆಗಳನ್ನು ಅನುಮಾನಿಸಿ, ಕನೆಕ್ಟರ್ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ (ಎಳೆಗಳನ್ನು ಒತ್ತಿ ಕೂರಿಸಿ).

ಫೈಬರ್ ಡಬ್ಬಿಯೂ ರೌಟರ್ ಆಗಿದ್ದರೆ ಹೊಸದನ್ನು ಬರೀ ವೈಫೈ ಹಂಚುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಹಳೆಯದರ ವೈಫೈ ಆಫ್ ಮಾಡಿ. ರೌಟರ್ ಸೆಟ್ಟಿಂಗಿನಲ್ಲಿ 2.4ಕ್ಕೆ 20 ಮೆಗಾಹರ್ಟ್ಸ್ ಚಾನೆಲ್ ಅಗಲ, ಚಾನೆಲ್ 1, 6 ಅಥವಾ 11. 5ಕ್ಕೆ 36-48 ಅಥವಾ 149ರ ನಂತರದ್ದು ನಿರಾಳ. 52-144ರಲ್ಲಿ ರೇಡಾರ್ ಸುಳಿವು ಸಿಕ್ಕರೆ ರೌಟರ್ ಚಾನೆಲ್ ಬಿಟ್ಟುಕೊಡಲೇಬೇಕು, ಆಗ ನೆಟ್ ಹಠಾತ್ತನೆ ಮಾಯ.

ಕರೆಂಟ್ ಹೋಗುವ ಊರಾದರೆ ಫೈಬರ್ ಡಬ್ಬಿಗೂ ಪ್ರತಿ ಯೂನಿಟ್ಟಿಗೂ ಬ್ಯಾಕಪ್ ಬೇಕು. ಮಿನಿ ಯುಪಿಎಸ್ ತರುವಾಗ ಅಡಾಪ್ಟರಿನ ಮೇಲಿನ ವೋಲ್ಟ್, ಆಂಪಿಯರ್ ಎರಡನ್ನೂ ಹೊಂದಿಸಿ ನೋಡಿ. 12 ವೋಲ್ಟ್ 2 ಆಂಪಿಯರ್ ಬೇಡುವ ರೌಟರ್ 1 ಆಂಪಿಯರಿನ ಯುಪಿಎಸ್‌ನಲ್ಲಿ ಲೋಡ್ ಏರಿದಾಗ ರೀಸ್ಟಾರ್ಟ್ ಆಗುತ್ತಿರುತ್ತದೆ.

ಎಲ್ಲ ಮುಗಿದ ಮೇಲೆ ಅದೇ ಜಾಗಗಳಲ್ಲಿ ಕೂತು ಇನ್ನೊಮ್ಮೆ ಅಳೆದು ಹಳೆಯ ಅಂಕಿಗಳ ಪಕ್ಕ ಬರೆಯಿರಿ. ಎಲ್ಲಾದರೂ -72 ಉಳಿದಿದ್ದರೆ ಇನ್ನೊಂದು ಯೂನಿಟ್ ತರುವ ಮುನ್ನ ಇರುವುದನ್ನೇ ಮೂರಡಿ ಸರಿಸಿ ನೋಡಿ.